ಪುಸ್ತಕದಿಂದ ದೀಪದ ಬಳಿಗೆ: ಮಕ್ಕಳಿಗೆ ಭೌತವಿಜ್ಞಾನದ ಮೊದಲ ಓದು

ಲಂಡನ್ನಿನ ಬ್ಲ್ಯಾಂಡ್‌ಫರ್ಡ್ ಬೀದಿಯಲ್ಲಿ ಜಾರ್ಜ್ ರೀಬೋ ಎಂಬಾತನ ಪುಸ್ತಕದಂಗಡಿಯಿತ್ತು. ಮಾರಾಟದ ಜತೆಗೆ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸವೂ ಅಲ್ಲಿ ನಡೆಯುತ್ತಿತ್ತು. ಕಮ್ಮಾರನೊಬ್ಬನ ಹದಿನಾಲ್ಕು ವರ್ಷದ ಮಗ 1805ರಲ್ಲಿ ಆ ಅಂಗಡಿಗೆ ಕೆಲಸ ಕಲಿಯಲು ಸೇರಿದ. ಏಳು ವರ್ಷಗಳ ಕರಾರು. ಓದು, ಬರಹ, ಒಂದಿಷ್ಟು ಲೆಕ್ಕ; ಇದರಾಚೆಗೆ ಹುಡುಗನಿಗೆ ಶಾಲೆಯ ವಿದ್ಯೆ ಇರಲಿಲ್ಲ. ಹಗಲು ಹೊಲಿದು, ಅಂಟು ಹಚ್ಚಿ, ಒತ್ತಿಟ್ಟ ಪುಸ್ತಕಗಳನ್ನೇ ಬಿಡುವು ದೊರೆತಾಗ ಬಿಡಿಸಿ ಓದತೊಡಗಿದ. ಯಜಮಾನ ಅದಕ್ಕೆ ಅಡ್ಡಿಪಡಿಸಲಿಲ್ಲ.

ಹಾಗೆ ಕೈಗೆ ಬಂದವುಗಳಲ್ಲಿ ಎರಡು ಬರಹಗಳು ಅವನನ್ನು ಹಿಡಿದು ನಿಲ್ಲಿಸಿದವು. ಒಂದು, ಬ್ರಿಟಾನಿಕಾ ವಿಶ್ವಕೋಶದಲ್ಲಿದ್ದ ವಿದ್ಯುತ್ತನ್ನು ಕುರಿತ ಲೇಖನ. ಇನ್ನೊಂದು, ಜೇನ್ ಮಾರ್ಸೆಟ್ ಎಂಬ ಮಹಿಳೆ ತನ್ನ ಹೆಸರನ್ನೇ ಹಾಕಿಕೊಳ್ಳದೆ ಪ್ರಕಟಿಸಿದ್ದ, ರಸಾಯನಶಾಸ್ತ್ರದ ಸಂವಾದಗಳ ಪುಸ್ತಕ. ಹುಡುಗ ಓದಿ ಸುಮ್ಮನಾಗಲಿಲ್ಲ. ಲೇಖನದಲ್ಲಿ ವರ್ಣಿಸಿದ್ದ ವಿದ್ಯುದ್ಯಂತವನ್ನು ಗಾಜಿನ ಬಾಟಲಿಯೊಂದರಿಂದ ತಾನೇ ಕಟ್ಟಿದ. ಮಾರ್ಸೆಟ್ ಹೇಳಿದ್ದು ನಿಜವೋ ಅಲ್ಲವೋ ಎಂದು ಕೆಲವೇ ಪೆನ್ನಿಗಳ ಖರ್ಚಿನಲ್ಲಿ ಪರೀಕ್ಷಿಸಿ ನೋಡಿದ. ನಿಜವೆಂದು ಕಂಡಮೇಲೆ ತನಗೊಂದು ಭದ್ರವಾದ ನೆಲೆ ಸಿಕ್ಕಿತೆಂದು ಅನ್ನಿಸಿತಂತೆ. ಹೀಗೆಂದು ಐವತ್ತು ವರ್ಷಗಳ ಬಳಿಕ ಪತ್ರವೊಂದರಲ್ಲಿ ನೆನೆದುಕೊಂಡವರು ಮೈಕೇಲ್ ಫ್ಯಾರಡೆ. ಜಗತ್ತಿನ ವಿದ್ಯುತ್ ಜನಕಗಳಿಗೆಲ್ಲ ಆಧಾರವಾದ ವಿದ್ಯುತ್ಕಾಂತೀಯ ಪ್ರೇರಣೆಯನ್ನು 1831ರಲ್ಲಿ ಕಂಡುಹಿಡಿದ ವಿಜ್ಞಾನಿ.

ಪುಸ್ತಕ ಓದಿದವರೆಲ್ಲ ಫ್ಯಾರಡೆ ಆಗುವುದಿಲ್ಲ. ಆಗಬೇಕಾದ ಅಗತ್ಯವೂ ಇಲ್ಲ. ಈ ಕಥೆಯಲ್ಲಿ ಗಮನಿಸಬೇಕಾದದ್ದು ಬೇರೆ. ಹುಡುಗ ಪುಸ್ತಕವನ್ನು ನಂಬಿದ್ದು ಅದು ಅಚ್ಚಾಗಿತ್ತೆಂಬ ಕಾರಣಕ್ಕಲ್ಲ, ಅದರ ಮಾತನ್ನು ತನ್ನ ಕೈಯಾರೆ ತಾಳೆ ನೋಡಲು ಸಾಧ್ಯವಾಯಿತೆಂಬ ಕಾರಣಕ್ಕೆ. ಮಕ್ಕಳಿಗೆ ಭೌತ ಮತ್ತು ರಸಾಯನ ವಿಜ್ಞಾನಗಳನ್ನು ಪರಿಚಯಿಸುವ ಪುಸ್ತಕಗಳನ್ನು ಆರಿಸುವಾಗ ಚಿತ್ರದ ಬಣ್ಣ, ಪುಟಗಳ ಸಂಖ್ಯೆ, ಮುನ್ನುಡಿ ಬರೆದವರ ಪದವಿ ಇವನ್ನೆಲ್ಲ ನೋಡುವ ಹಿರಿಯರು ಈ ಒಂದು ಅಂಶವನ್ನು ಮಾತ್ರ ಸಾಮಾನ್ಯವಾಗಿ ನೋಡುವುದಿಲ್ಲ.

ಮಾರ್ಸೆಟ್ ಪುಸ್ತಕದ ಹುಟ್ಟೂ ಸ್ವಾರಸ್ಯಕರವಾದುದು. ಆಕೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಹೋಗುತ್ತಿದ್ದಳು. ಪ್ರಯೋಗಗಳು ಕಣ್ಣಿಗೆ ಹಬ್ಬ. ಆದರೆ ಅರ್ಥವಾಗುತ್ತಿದ್ದುದು ಅಷ್ಟಕ್ಕಷ್ಟೆ. ಮನೆಗೆ ಬಂದು ಸ್ನೇಹಿತರೊಬ್ಬರೊಡನೆ ಮಾತಾಡಿ, ಕೆಲವನ್ನು ಮತ್ತೆ ಮಾಡಿ ನೋಡಿದಾಗ ತಿಳಿವು ಮೂಡಿತು. ಹಾಗಾದರೆ ಇತರರಿಗೂ ಮಾತುಕತೆಯ ಮೂಲಕವೇ ತಿಳಿಸಬಹುದಲ್ಲ ಎಂದು ಒಬ್ಬ ಉಪಾಧ್ಯಾಯಿನಿ ಮತ್ತು ಇಬ್ಬರು ಹುಡುಗಿಯರ ಸಂಭಾಷಣೆಯ ರೂಪದಲ್ಲಿ ಪುಸ್ತಕ ಬರೆದಳು. ತನಗೆ ಅರ್ಥವಾಗಲು ಎಲ್ಲಿ ಕಷ್ಟವಾಯಿತು ಎಂಬುದನ್ನು ಮರೆಯದವರು ಮಕ್ಕಳಿಗೆ ಚೆನ್ನಾಗಿ ಬರೆಯುತ್ತಾರೆ. ಮಹಾ ಪಂಡಿತರು ಬರೆದ ಎಷ್ಟೋ ಬಾಲಪುಸ್ತಕಗಳು ಕಬ್ಬಿಣದ ಕಡಲೆಯಾಗಿರುವುದಕ್ಕೆ ಆ ಮರೆವೇ ಕಾರಣವಿರಬಹುದು.

ಒಂದು ಬತ್ತಿ, ಆರು ಉಪನ್ಯಾಸ

ಪುಸ್ತಕದಿಂದ ಪಡೆದ ಸಾಲವನ್ನು ಫ್ಯಾರಡೆ ಪುಸ್ತಕದಿಂದಲೇ ತೀರಿಸಿದರು ಎನ್ನಬಹುದು. ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಕಿರಿಯರಿಗಾಗಿ ಕ್ರಿಸ್ಮಸ್ ಉಪನ್ಯಾಸಗಳು 1825ರಲ್ಲಿ ಆರಂಭವಾದವು. 1860ರ ಕೊನೆಯಲ್ಲಿ ಆರಂಭಗೊಂಡು 1861ರ ಜನವರಿಯವರೆಗೆ ನಡೆದ ಸರಣಿಯಲ್ಲಿ ಅವರು ಆರು ಉಪನ್ಯಾಸಗಳನ್ನು ಒಂದೇ ವಸ್ತುವಿಗೆ ಮೀಸಲಿಟ್ಟರು: ಮೇಣದ ಬತ್ತಿ. ವಿಲಿಯಂ ಕ್ರೂಕ್ಸ್ ಅವುಗಳನ್ನು ಸಂಪಾದಿಸಿ 1861ರಲ್ಲಿ ಪುಸ್ತಕವಾಗಿ ತಂದರು. ಬಾಲವಿಜ್ಞಾನದ ಪುಸ್ತಕವೊಂದು ಹೇಗಿರಬೇಕೆಂಬುದಕ್ಕೆ ಅಂದಿನಿಂದ ಇಂದಿನವರೆಗೆ ಅದನ್ನೇ ಉದಾಹರಣೆಯಾಗಿ ತೋರಿಸುವುದುಂಟು.

ಅದರಲ್ಲಿ ವ್ಯಾಖ್ಯೆಗಳಿಂದ ಆರಂಭವಿಲ್ಲ. ಉರಿಯುತ್ತಿರುವ ಬತ್ತಿಯ ತುದಿಯಲ್ಲಿ ಕರಗಿದ ಮೇಣ ನಿಲ್ಲುವ ಒಂದು ಪುಟ್ಟ ಬಟ್ಟಲಿದೆಯಲ್ಲ, ಅದು ಹೇಗೆ ಉಂಟಾಯಿತು ಎಂಬ ಪ್ರಶ್ನೆಯಿಂದ ಮಾತು ಬೆಳೆಯುತ್ತದೆ. ಜ್ವಾಲೆಯಿಂದ ಬಿಸಿಯಾದ ಗಾಳಿ ಮೇಲೇರುತ್ತದೆ; ಅದರ ಜಾಗಕ್ಕೆ ಸುತ್ತಲಿನ ತಂಪು ಗಾಳಿ ಬತ್ತಿಯ ಮೈಯನ್ನು ಸವರಿಕೊಂಡು ಬರುತ್ತದೆ; ಅಂಚು ತಂಪಾಗಿ ಉಳಿದು, ನಡುವೆ ಮಾತ್ರ ಮೇಣ ಕರಗುತ್ತದೆ. ಆದ್ದರಿಂದಲೇ ಬಟ್ಟಲು. ಗಾಳಿ ಒಂದು ಕಡೆಯಿಂದ ಬೀಸಿದರೆ ಅಂಚು ಒಡೆದು ಮೇಣ ಸುರಿಯುತ್ತದೆ. ಚಂದಕ್ಕೆಂದು ಮೈಮೇಲೆ ಏಣು ಕಡೆದ ಬತ್ತಿಗಳು ಚೆನ್ನಾಗಿ ಉರಿಯದಿರುವುದೂ ಇದೇ ಕಾರಣಕ್ಕೆ ಎಂದು ಫ್ಯಾರಡೆ ತೋರಿಸಿಕೊಟ್ಟರು.

ಮುಂದಿನ ಹೆಜ್ಜೆ ಇನ್ನೂ ಸೊಗಸು. ಬತ್ತಿಯನ್ನು ಆರಿಸಿದ ಕೂಡಲೇ ಬಿಳಿಯ ಹೊಗೆಯ ಎಳೆಯೊಂದು ಏಳುತ್ತದೆ. ಉರಿಯುವ ಕಡ್ಡಿಯನ್ನು ಬತ್ತಿಗೆ ತಾಗಿಸದೆ, ಎರಡು ಮೂರು ಬೆರಳಿನಷ್ಟು ಮೇಲೆ ಆ ಎಳೆಗೆ ಹಿಡಿದರೆ ಬೆಂಕಿ ಎಳೆಯಗುಂಟ ಕೆಳಗೋಡಿ ಬತ್ತಿಯನ್ನು ಮತ್ತೆ ಹೊತ್ತಿಸುತ್ತದೆ. ಅಂದರೆ ಉರಿಯುವುದು ಗಟ್ಟಿ ಮೇಣವಲ್ಲ, ಕರಗಿದ ಮೇಣವೂ ಅಲ್ಲ, ಮೇಣದ ಆವಿ. ಈ ಸಂಗತಿಯನ್ನು ವಾಕ್ಯವಾಗಿ ಹೇಳಿದರೆ ಮಗು ಕಂಠಪಾಠ ಮಾಡೀತು. ಬೆಂಕಿ ಕೆಳಗೆ ಓಡಿದ್ದನ್ನು ಒಮ್ಮೆ ಕಂಡರೆ ಬಾಯಿಪಾಠದ ಅಗತ್ಯವೇ ಇರುವುದಿಲ್ಲ.

ಕನ್ನಡದ ಮಗುವಿನ ಮುಂದೆ ಮೇಣದ ಬತ್ತಿಯ ಜತೆಗೆ ಇನ್ನೊಂದು ವಸ್ತುವೂ ಇದೆ: ಹಣತೆ. ಇವೆರಡನ್ನೂ ಅಕ್ಕಪಕ್ಕ ಇಟ್ಟರೆ ಹೊಸ ಪುಟವೊಂದು ತೆರೆದುಕೊಳ್ಳುತ್ತದೆ. ಹಣತೆಯ ಎಣ್ಣೆ ಮೊದಲೇ ದ್ರವ. ಕರಗಿಸುವ ಕೆಲಸ ಬೆಂಕಿಗಿಲ್ಲ, ಬಟ್ಟಲನ್ನು ಕುಂಬಾರ ಮಾಡಿಕೊಟ್ಟಿದ್ದಾನೆ. ಆದರೂ ಎಣ್ಣೆಯ ಮೇಲ್ಮೈಗೆ ಬೆಂಕಿ ಹರಡುವುದಿಲ್ಲವೇಕೆ? ಹತ್ತಿಯ ಬತ್ತಿಯ ತುದಿಯಲ್ಲಷ್ಟೇ ಎಣ್ಣೆ ಆವಿಯಾಗುವಷ್ಟು ಕಾವು ಇರುತ್ತದೆ. ಬತ್ತಿಯ ಎಳೆಗಳ ನಡುವಿನ ಸಂದುಗಳಲ್ಲಿ ಎಣ್ಣೆ ತಾನಾಗಿ ಮೇಲೇರುತ್ತದೆ, ಕೊಡದ ಅಂಚಿಗೆ ಹಾಕಿದ ಒದ್ದೆ ಬಟ್ಟೆಯ ತುದಿಯಿಂದ ನೀರು ತೊಟ್ಟಿಕ್ಕುವಂತೆ. ಸಂಜೆಯ ದೀಪದ ಮುಂದೆ ಕುಳಿತ ಮಗುವಿಗೆ ಇಷ್ಟೂ ಎದುರಿಗೇ ಇದೆ. ಹೀಗಿದ್ದೂ ಅನುವಾದಿತ ಪುಸ್ತಕಗಳು ಹಿಮಗಟ್ಟಿದ ಕೊಳ, ಮನೆಯೊಳಗಿನ ಅಗ್ಗಿಷ್ಟಿಕೆ ಎಂದು ಮಗು ಕಾಣದ ವಸ್ತುಗಳನ್ನು ತಂದು ಸುರಿಯುತ್ತವೆ. ಭಾಷೆ ಕನ್ನಡವಾದರೆ ಸಾಲದು, ಪ್ರಯೋಗದ ಸಾಮಾನೂ ಕನ್ನಡದ ಮನೆಯದಾಗಿರಬೇಕು.

ಫ್ಯಾರಡೆ ಉರಿಯಿಂದ ನೀರು ಹುಟ್ಟುತ್ತದೆಂದು ತೋರಿಸಿದರು. ಒಣಗಿದ ತಣ್ಣನೆಯ ಸ್ಟೀಲ್ ಚೊಂಬನ್ನು ಜ್ವಾಲೆಯ ತುದಿಗಿಂತ ತುಸು ಮೇಲೆ ಕ್ಷಣಕಾಲ ಹಿಡಿದರೆ ಮಂಜು ಕವಿಯುವುದು ಕಾಣುತ್ತದೆ. ಜ್ವಾಲೆಯೊಳಕ್ಕೆ ಇಳಿಸಿದರೆ ಮಸಿ ಹಿಡಿಯುತ್ತದೆ. ಆ ಮಸಿಯ ಕಣಗಳೇ ಕಾದು ಬೆಳಗುವುದರಿಂದ ಜ್ವಾಲೆಗೆ ಹೊಂಬಣ್ಣ. ಉರಿಯಿಂದ ಹೊರಡುವ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಗುರುತಿಸಲು ಅವರು ಬಳಸಿದ್ದು ಸುಣ್ಣದ ತಿಳಿನೀರು. ಎಲೆ ಅಡಿಕೆಯ ತಟ್ಟೆಯಿರುವ ಮನೆಯಲ್ಲಿ ಇದಕ್ಕೆ ಪ್ರಯೋಗಾಲಯ ಬೇಡ. ಚಿಟಿಕೆ ಸುಣ್ಣವನ್ನು ಲೋಟದ ನೀರಿನಲ್ಲಿ ಕದಡಿ, ರಾತ್ರಿಯಿಡೀ ಮುಚ್ಚಿಟ್ಟು, ಮೇಲಿನ ತಿಳಿಯನ್ನು ಬಸಿದುಕೊಂಡರೆ ಆಯಿತು. ಕೊಳವೆಯೊಂದರಿಂದ ಅದರೊಳಕ್ಕೆ ಉಸಿರು ಊದಿದರೆ ತಿಳಿನೀರು ಹಾಲಿನಂತಾಗುತ್ತದೆ. ದೀಪವೂ ಮನುಷ್ಯನೂ ಒಂದೇ ಅನಿಲವನ್ನು ಹೊರಬಿಡುತ್ತಾರೆ! ಫ್ಯಾರಡೆಯ ಆರನೆಯ ಉಪನ್ಯಾಸ ಬಂದು ನಿಲ್ಲುವುದು ಇಲ್ಲಿಗೇ. (ಸುಣ್ಣದ ನೀರನ್ನು ಹೀರಬಾರದು, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಬೇಕು, ಬೆಂಕಿಯ ಬಳಿ ಹಿರಿಯರಿರಬೇಕು ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ, ಆದರೂ ಪುಸ್ತಕ ಹೇಳಲೇಬೇಕು.)

ಪುಸ್ತಕವೇ ತಪ್ಪಿದಾಗ

ಮೇಣದ ಬತ್ತಿಯ ಇನ್ನೊಂದು ಪ್ರಯೋಗ ಪ್ರಪಂಚದ ಎಲ್ಲ ಭಾಷೆಗಳ ಬಾಲಪುಸ್ತಕಗಳಲ್ಲೂ ಕಾಣಸಿಗುತ್ತದೆ. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಬತ್ತಿ, ಅದರ ಮೇಲೆ ಬೋರಲು ಹಾಕಿದ ಗಾಜಿನ ಲೋಟ. ಸ್ವಲ್ಪ ಹೊತ್ತಿಗೆ ಬತ್ತಿ ಆರಿ, ನೀರು ಲೋಟದೊಳಕ್ಕೆ ಏರುತ್ತದೆ. ಗಾಳಿಯಲ್ಲಿ ಐದನೆಯ ಒಂದು ಪಾಲು ಇರುವ ಆಮ್ಲಜನಕ ಉರಿದು ಮುಗಿಯಿತು, ಆ ತೆರವಾದ ಜಾಗವನ್ನು ನೀರು ತುಂಬಿತು ಎಂಬ ವಿವರಣೆಯೂ ಬಹುಮಟ್ಟಿಗೆ ಎಲ್ಲ ಕಡೆ ಒಂದೇ. ನೀರು ಸುಮಾರು ಐದನೆಯ ಒಂದು ಪಾಲಿನಷ್ಟು ಏರಿದ್ದು ಕಂಡರಂತೂ ಗಾಳಿಯ ಆಮ್ಲಜನಕವನ್ನೇ ಅಳೆದಂತಾಯಿತೆಂದು ಸಂಭ್ರಮಿಸುವುದುಂಟು.

ವಿವರಣೆ ಅಚ್ಚುಕಟ್ಟಾಗಿದೆ, ಆದರೆ ತಪ್ಪು. ಇದನ್ನು ಕಂಡುಹಿಡಿಯಲು ದೊಡ್ಡ ವಿದ್ಯೆ ಬೇಡ, ಪ್ರಯೋಗವನ್ನು ಗಮನವಿಟ್ಟು ನೋಡಿದರೆ ಸಾಕು. ಆಮ್ಲಜನಕ ಕರಗುತ್ತ ಹೋದಂತೆ ನೀರು ಏರುವುದಾದರೆ ಬತ್ತಿ ಉರಿಯುತ್ತಿರುವಾಗಲೇ ಅದು ಮೆಲ್ಲಮೆಲ್ಲನೆ ಏರಬೇಕಿತ್ತು. ಆದರೆ ನೀರು ಬಹುಪಾಲು ಏರುವುದು ಬತ್ತಿ ಆರಿದ ಮೇಲೆ, ಅದೂ ಸರಕ್ಕನೆ. ಲೋಟವನ್ನು ಬೋರಲು ಹಾಕಿದ ಹೊಸತರಲ್ಲಿ ಅಂಚಿನಿಂದ ಗಾಳಿಯ ಗುಳ್ಳೆಗಳು ಹೊರಬರುವುದನ್ನೂ ಕಾಣಬಹುದು. ಜ್ವಾಲೆಯ ಕಾವಿಗೆ ಹಿಗ್ಗಿದ ಗಾಳಿಯಲ್ಲಿ ಒಂದಿಷ್ಟು ಲೋಟದಿಂದಾಚೆಗೆ ಹೋಗುತ್ತದೆ. ಬತ್ತಿ ಆರಿ ಒಳಗಿನ ಗಾಳಿ ತಣಿದಾಗ ಅದು ಕುಗ್ಗಿ ಒತ್ತಡ ಕಡಿಮೆಯಾಗುತ್ತದೆ. ಹೊರಗಿನ ವಾಯುಮಂಡಲ ನೀರನ್ನು ಒಳಕ್ಕೆ ತಳ್ಳುತ್ತದೆ. ನೀರೇರಲು ಮುಖ್ಯ ಕಾರಣ ಇದು.

ಆಮ್ಲಜನಕದ ಲೆಕ್ಕವನ್ನೇ ಹಿಡಿದು ನೋಡಿದರೂ ಹಳೆಯ ವಿವರಣೆ ನಿಲ್ಲುವುದಿಲ್ಲ. ಮೇಣ ಉರಿಯುವಾಗ ಮೂರು ಪಾಲು ಆಮ್ಲಜನಕ ಬಳಕೆಯಾದರೆ ಸುಮಾರು ಎರಡು ಪಾಲು ಇಂಗಾಲದ ಡೈಆಕ್ಸೈಡ್ ಅದರ ಜಾಗದಲ್ಲಿ ಬಂದು ಕೂರುತ್ತದೆ. ಆ ಅನಿಲ ಅಷ್ಟು ಹೊತ್ತಿನಲ್ಲಿ ನೀರಿನಲ್ಲಿ ಕರಗುವುದು ಅತ್ಯಲ್ಪ. ಸಾಲದ್ದಕ್ಕೆ ಬತ್ತಿ ಆರುವ ವೇಳೆಗೆ ಲೋಟದ ಆಮ್ಲಜನಕ ಮುಗಿದಿರುವುದೇ ಇಲ್ಲ, ಅರ್ಧಕ್ಕಿಂತ ಹೆಚ್ಚು ಹಾಗೆಯೇ ಉಳಿದಿರುತ್ತದೆ.

ಮಗುವೇ ಮಾಡಬಹುದಾದ ತೀರ್ಮಾನದ ಪ್ರಯೋಗವೂ ಒಂದಿದೆ. ಅದೇ ಲೋಟದ ಕೆಳಗೆ ಒಂದು ಬತ್ತಿಯ ಬದಲು ಎರಡು, ಅನಂತರ ಮೂರು ಬತ್ತಿಗಳನ್ನು ಇಟ್ಟು ನೋಡುವುದು. ಲೋಟದೊಳಗಿನ ಆಮ್ಲಜನಕದ ಪ್ರಮಾಣ ಬದಲಾಗಿಲ್ಲ. ಹಳೆಯ ವಿವರಣೆ ಸರಿಯಾದರೆ ನೀರು ಅಷ್ಟೇ ಎತ್ತರಕ್ಕೆ ಏರಬೇಕು. ಬತ್ತಿ ಹೆಚ್ಚಿದಂತೆ ನೀರು ಇನ್ನೂ ಮೇಲೇರುತ್ತದೆ, ಏಕೆಂದರೆ ಗಾಳಿ ಹೆಚ್ಚು ಕಾದಿರುತ್ತದೆ. ಅಳತೆಗೆ ಬೇಕಾದದ್ದು ಲೋಟದ ಮೇಲೆ ಅಂಟಿಸಿದ ಕಾಗದದ ಪಟ್ಟಿ ಮತ್ತು ಒಂದು ಪೆನ್ಸಿಲ್.

ಹತ್ತು ವರ್ಷದ ಹುಡುಗಿಯೊಬ್ಬಳು ಈ ಮೂರು ಗೆರೆಗಳನ್ನು ಎಳೆದುಕೊಂಡು ತರಗತಿಗೆ ಬಂದಳೆಂದು ಇಟ್ಟುಕೊಳ್ಳೋಣ. ಪುಸ್ತಕದಲ್ಲಿ ಒಂದಿದೆ, ಲೋಟದ ಮೇಲೆ ಇನ್ನೊಂದಿದೆ. ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕು ಎಂದು ಆಕೆ ಕೇಳುತ್ತಾಳೆ. ಪುಸ್ತಕದಲ್ಲಿದ್ದುದನ್ನೇ ಬರೆ ಎಂಬ ಉತ್ತರ ಬಂದರೆ, ಅಂದು ಅವಳು ಕಲಿಯುವುದು ಆಮ್ಲಜನಕದ ಬಗೆಗಲ್ಲ. ಕಣ್ಣಿಗೆ ಕಂಡದ್ದಕ್ಕಿಂತ ಅಚ್ಚಾದದ್ದು ದೊಡ್ಡದು ಎಂಬ ಪಾಠವನ್ನು. ಆ ಪಾಠ ಬಹುಕಾಲ ಉಳಿಯುತ್ತದೆ.

ಕನ್ನಡದ ದಾರಿ

ಕನ್ನಡದಲ್ಲಿ ಈ ಕೆಲಸ ನೂರು ವರ್ಷಗಳಿಗಿಂತ ಹಳೆಯದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಬಾಳಿದ್ದು ಎರಡೇ ವರ್ಷ. ಆದರೆ ಇಂಗ್ಲಿಷಿನಲ್ಲಷ್ಟೇ ಸಾಧ್ಯವೆಂದುಕೊಂಡಿದ್ದ ಮಾತುಗಳನ್ನು ಕನ್ನಡದಲ್ಲಿ ಆಡಬಹುದೆಂದು ಅದು ತೋರಿಸಿಕೊಟ್ಟಿತು.

ಮಕ್ಕಳ ಕಡೆಗೆ ತಿರುಗಿ ದೊಡ್ಡ ಪ್ರಮಾಣದಲ್ಲಿ ಬರೆದವರು ಶಿವರಾಮ ಕಾರಂತರು. 1930ರ ದಶಕದಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’, ಮುಂದೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’. ಅಸಹಕಾರ ಚಳವಳಿಯ ಕಾಲದಲ್ಲಿ ಕಾಲೇಜು ಬಿಟ್ಟಿದ್ದ ಕಾರಂತರು ವಿಜ್ಞಾನದ ಪದವೀಧರರಾಗಿರಲಿಲ್ಲ. ಮಾರ್ಸೆಟ್‌ಳಂತೆ ಅವರೂ ಮೊದಲು ತಾವು ತಿಳಿದುಕೊಂಡು ಆಮೇಲೆ ತಿಳಿಸಬೇಕಾಗಿತ್ತು. ಅದು ಕೊರತೆಯಲ್ಲ, ಅನುಕೂಲವೇ ಆಯಿತೆಂದು ಹೇಳಬೇಕು. ಒಬ್ಬನೇ ಮನುಷ್ಯ ಇಡೀ ವಿಶ್ವಕೋಶ ಬರೆಯುವ ಸಾಹಸದಲ್ಲಿ ಇರಬಹುದಾದ ಮಿತಿಗಳೇನೇ ಇರಲಿ, ಹಳ್ಳಿಯ ಶಾಲೆಯ ಕಪಾಟಿನಲ್ಲಿ ಆ ದಪ್ಪ ಸಂಪುಟಗಳನ್ನು ಕಂಡ ಮಕ್ಕಳಿಗೆ ನಕ್ಷತ್ರವೂ ಪರಮಾಣುವೂ ಕನ್ನಡದಲ್ಲೇ ಪರಿಚಯವಾದವು.

ಅನಂತರದ ತಲೆಮಾರಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕ ಜೆ.ಆರ್. ಲಕ್ಷ್ಮಣರಾವ್, ಗಣಿತದ ಜಿ.ಟಿ. ನಾರಾಯಣರಾವ್, ಭೌತಶಾಸ್ತ್ರದ ಆರ್.ಎಲ್. ನರಸಿಂಹಯ್ಯ ಮೊದಲಾದವರು ಈ ದಾರಿಯನ್ನು ಅಗಲಗೊಳಿಸಿದರು. ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟಗಳ ಕಿರಿಯರ ವಿಶ್ವಕೋಶ ‘ಜ್ಞಾನಗಂಗೋತ್ರಿ’ ಬಂತು. 1978ರಲ್ಲಿ ಆರಂಭವಾದ ‘ಬಾಲ ವಿಜ್ಞಾನ’ ಮಾಸಪತ್ರಿಕೆಯನ್ನು ಮುಂದೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಡೆಸಿಕೊಂಡು ಬಂತು.

ಇವುಗಳ ಜತೆಗೆ ಇನ್ನೊಂದು ಹೊಳೆಯೂ ಹರಿಯುತ್ತಿತ್ತು. ನವಕರ್ನಾಟಕದ ಮಳಿಗೆಗಳಲ್ಲಿ ಬಹಳ ಅಗ್ಗದ ಬೆಲೆಗೆ ಸಿಗುತ್ತಿದ್ದ ಸೋವಿಯತ್ ಪುಸ್ತಕಗಳು. ಅವುಗಳಲ್ಲಿ ಹೆಸರಾದ ಲೇಖಕ ಯಾಕೊವ್ ಪೆರೆಲ್ಮನ್. ಮನರಂಜನೆಗಾಗಿ ಭೌತಶಾಸ್ತ್ರವನ್ನು ಹೇಳುವ ಆತನ ಪುಸ್ತಕ ರಷ್ಯನ್ ಭಾಷೆಯಲ್ಲಿ ಮೊದಲು ಪ್ರಕಟವಾದದ್ದು 1913ರಲ್ಲಿ. ಹೊಸ ಸಂಗತಿಗಳನ್ನು ತುರುಕುವುದಕ್ಕಿಂತ ಗೊತ್ತಿರುವುದನ್ನೇ ಹೊಸ ಕಣ್ಣಿನಿಂದ ನೋಡುವಂತೆ ಮಾಡುವುದು ಆತನ ರೀತಿ. ಕಾಗದದ ದೊನ್ನೆಯಲ್ಲಿ ನೀರು ಕುದಿಸಬಹುದು, ಕಾಗದ ಸುಡುವುದಿಲ್ಲ. ನೀರು ಇರುವತನಕ ಅದು ಕಾವನ್ನು ಹೀರಿಕೊಂಡು ಕಾಗದವನ್ನು ನೂರು ಡಿಗ್ರಿಯ ಆಸುಪಾಸಿನಲ್ಲೇ ಇಡುತ್ತದೆ. ಕಾಗದ ಹೊತ್ತಿಕೊಳ್ಳಲು ಅದಕ್ಕಿಂತ ಬಹಳ ಹೆಚ್ಚಿನ ಕಾವು ಬೇಕು. ಜೂಲ್ಸ್ ವರ್ನ್‌ನ ಚಂದ್ರಯಾನದ ಕಾದಂಬರಿಯಲ್ಲಿ ಎಲ್ಲೆಲ್ಲಿ ಭೌತಶಾಸ್ತ್ರ ಎಡವಿದೆ ಎಂದು ಹುಡುಕಿ ತೋರಿಸುವ ಪುಟಗಳೂ ಅವನವೇ. ಲೆನಿನ್‌ಗ್ರಾಡ್ ನಗರಕ್ಕೆ ನಾಜಿ ಸೈನ್ಯ ಮುತ್ತಿಗೆ ಹಾಕಿದ್ದಾಗ 1942ರಲ್ಲಿ ಪೆರೆಲ್ಮನ್ ಅಲ್ಲಿಯೇ ಹಸಿವಿನಿಂದ ಬಳಲಿ ಸತ್ತ. 1991ರಲ್ಲಿ ಸೋವಿಯತ್ ಒಕ್ಕೂಟ ಮುರಿದುಬಿದ್ದ ಮೇಲೆ ಆ ಅಗ್ಗದ ಪುಸ್ತಕಗಳ ಹೊಳೆಯೂ ಬತ್ತಿತು.

ಮನೆಮಾತು, ಶಾಸ್ತ್ರದ ಮಾತು

ಕನ್ನಡದಲ್ಲಿ ಬರೆಯುವವರಿಗೆ ಎದುರಾಗುವ ದೊಡ್ಡ ತೊಡಕು ಪರಿಭಾಷೆಯದು. ಪದಗಳಿಲ್ಲವೆಂಬುದು ತೊಡಕಲ್ಲ. ಶಾಸ್ತ್ರಕ್ಕೆಂದು ಆರಿಸಿಕೊಂಡ ಪದಕ್ಕೆ ಮನೆಯಲ್ಲಿ ಆಗಲೇ ಬೇರೊಂದು ಕೆಲಸವಿರುತ್ತದೆ ಎಂಬುದು ತೊಡಕು. ಬಲ, ಶಕ್ತಿ, ಸಾಮರ್ಥ್ಯ ಮೂರೂ ಮನೆಮಾತಿನಲ್ಲಿ ಹೆಚ್ಚುಕಡಿಮೆ ಒಂದೇ. ಭೌತಶಾಸ್ತ್ರದಲ್ಲಿ ಮೂರೂ ಬೇರೆ ಬೇರೆ, ಮೂರಕ್ಕೂ ಬೇರೆ ಬೇರೆ ಮಾನಗಳು. ‘ಉಷ್ಣ’ದ ಪಾಡಂತೂ ಕೇಳುವುದೇ ಬೇಡ. ಪಪ್ಪಾಯಿ ಉಷ್ಣ, ಮಜ್ಜಿಗೆ ತಂಪು ಎಂದು ಅಜ್ಜಿಯಿಂದ ಕೇಳಿ ಬೆಳೆದ ಮಗುವಿಗೆ ಶಾಲೆಯಲ್ಲಿ ಉಷ್ಣವು ಶಕ್ತಿಯ ಒಂದು ರೂಪವೆಂದು ಹೇಳಿದರೆ ಅದು ಪಪ್ಪಾಯಿಯನ್ನೇ ನೆನೆಯುತ್ತದೆ. ಅದರ ಮೇಲೆ ಉಷ್ಣತೆ, ಉಷ್ಣಾಂಶ, ತಾಪ, ತಾಪಮಾನ ಎಂದು ಒಂದೇ ಅರ್ಥಕ್ಕೆ ನಾಲ್ಕು ಪದಗಳು ಬೇರೆ.

ಈ ತೊಡಕನ್ನು ಮುಚ್ಚಿಡುವ ಪುಸ್ತಕ ಕೆಟ್ಟದ್ದು. ಅದನ್ನೇ ಪಾಠವಾಗಿಸಿಕೊಳ್ಳುವ ಪುಸ್ತಕ ಒಳ್ಳೆಯದು. ದೀಪಾವಳಿಯ ಸುರುಸುರುಬತ್ತಿಯಿಂದ ಸಿಡಿಯುವ ಕಿಡಿಯ ತಾಪ ಸಾವಿರ ಡಿಗ್ರಿಯಷ್ಟಿರುತ್ತದೆ. ಕೈಮೇಲೆ ಬಿದ್ದರೆ ಚುರುಕ್ ಎನ್ನುತ್ತದೆ, ಅಷ್ಟೆ. ಕುದಿಯುವ ನೀರಿನ ತಾಪ ನೂರೇ ಡಿಗ್ರಿ. ಒಂದು ಲೋಟ ಮೈಮೇಲೆ ಚೆಲ್ಲಿದರೆ ಆಸ್ಪತ್ರೆಯೇ ಗತಿ. ಕಿಡಿಯಲ್ಲಿ ತಾಪ ಹೆಚ್ಚು, ಆದರೆ ಅದು ಕೊಡಬಲ್ಲ ಉಷ್ಣ ಅತ್ಯಲ್ಪ, ಏಕೆಂದರೆ ಅದರಲ್ಲಿರುವ ವಸ್ತುವೇ ಅಷ್ಟು ಕಡಿಮೆ. ಇಷ್ಟು ತಿಳಿದ ಮಗುವಿಗೆ ತಾಪ ಮತ್ತು ಉಷ್ಣ ಬೇರೆ ಬೇರೆ ಎಂಬುದನ್ನು ಉರು ಹೊಡೆಸಬೇಕಿಲ್ಲ.

ಕೆಲವೊಮ್ಮೆ ಭಾಷೆಯೇ ನೆರವಿಗೆ ಬರುತ್ತದೆ. ಆವಿ ಎಂಬ ಪದವೂ ಇದೆ, ಹಬೆ ಎಂಬ ಪದವೂ ಇದೆ. ಇಡ್ಲಿ ಪಾತ್ರೆಯ ಮುಚ್ಚಳದ ಸಂದಿಯಿಂದ ನುಗ್ಗುವ ಬಿಳಿಯ ಹಬೆಯನ್ನು ಮಕ್ಕಳು ಅನಿಲವೆಂದು ತಿಳಿಯುತ್ತಾರೆ. ನೀರಿನ ಆವಿ ಕಣ್ಣಿಗೆ ಕಾಣುವುದಿಲ್ಲ. ಬಿಳಿಯಾಗಿ ಕಾಣುವುದು ಆವಿ ತಣಿದು ಉಂಟಾದ ಸೂಕ್ಷ್ಮ ಹನಿಗಳ ಗುಂಪು. ಸಂದಿಗೆ ತೀರ ಹತ್ತಿರದಲ್ಲಿ, ಬಿಳಿಯ ಹಬೆ ಆರಂಭವಾಗುವ ಮೊದಲು, ಏನೂ ಕಾಣದ ಸಣ್ಣ ತೆರಪೊಂದಿರುತ್ತದೆ. ನಿಜವಾದ ಆವಿ ಇರುವುದು ಅಲ್ಲಿ. ಇಂಥ ವ್ಯತ್ಯಾಸಕ್ಕೆ ಎರಡು ಪದಗಳನ್ನು ಮನೆಯಲ್ಲೇ ಇಟ್ಟುಕೊಂಡ ಭಾಷೆ ಅವನ್ನು ಬಳಸಿಕೊಳ್ಳದೆ ಇಂಗ್ಲಿಷಿನ ಪದಕ್ಕೆ ಸಂಸ್ಕೃತದ ಸಮಾಸ ಹುಡುಕುತ್ತ ಕೂರುವುದು ಸೋಜಿಗವೇ ಸರಿ.

ಓದಿದ್ದು ಎಲ್ಲಿಗೆ ಹೋಗುತ್ತದೆ

ಸಿ.ವಿ. ರಾಮನ್ ತಮ್ಮ ಮೇಲೆ ಪ್ರಭಾವ ಬೀರಿದ ಮೂರು ಪುಸ್ತಕಗಳನ್ನು ಹೆಸರಿಸಿದ್ದರು: ಬುದ್ಧನ ಜೀವನವನ್ನು ಹಾಡಿದ ಎಡ್ವಿನ್ ಆರ್ನಾಲ್ಡನ ಕಾವ್ಯ, ಯೂಕ್ಲಿಡನ ರೇಖಾಗಣಿತ, ಮತ್ತು ಸಂಗೀತದ ನಾದವನ್ನು ಕುರಿತ ಹೆಲ್ಮ್‌ಹೋಲ್ಟ್ಸ್‌ನ ಗ್ರಂಥ. ಮೂರನೆಯದು ಮಕ್ಕಳ ಪುಸ್ತಕವಲ್ಲ. ಆದರೆ ಎಳೆಯ ವಯಸ್ಸಿನಲ್ಲಿ ಓದಿದ ಪುಸ್ತಕ ಏನು ಮಾಡಬಲ್ಲುದೆಂಬುದಕ್ಕೆ ಸಾಕ್ಷಿ. ಹೆಲ್ಮ್‌ಹೋಲ್ಟ್ಸ್ ಬರೆದದ್ದು ಯುರೋಪಿನ ವಾದ್ಯಗಳನ್ನು ಮುಂದಿಟ್ಟುಕೊಂಡು. ರಾಮನ್ ಆ ವಿದ್ಯೆಯನ್ನು ವೀಣೆ, ತಂಬೂರಿ, ಮೃದಂಗಗಳ ಬಳಿಗೆ ಒಯ್ದರು. ಸಾಧಾರಣ ಚರ್ಮವಾದ್ಯದ ಮೇಲ್‌ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ, ಆದ್ದರಿಂದ ಅದು ನಾದಕ್ಕಿಂತ ಸದ್ದಾಗಿಯೇ ಕೇಳುತ್ತದೆ. ಮೃದಂಗದ ಬಲಮುಖದ ನಡುವೆ ಹಚ್ಚುವ ಕಪ್ಪು ಕರಣೆ ಈ ಮೇಲ್‌ಸ್ವರಗಳನ್ನು ತಂತಿವಾದ್ಯದಲ್ಲಿರುವಂತೆ ಪೂರ್ಣಾಂಕಗಳ ಅನುಪಾತಕ್ಕೆ ತರುತ್ತದೆಂದು ಅವರು 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಕರಣೆಯನ್ನು ಕಂಡುಕೊಂಡ ಹೆಸರಿಲ್ಲದ ಕುಶಲಿಗಳ ಶ್ರುತಿಜ್ಞಾನಕ್ಕೆ ಶಾಸ್ತ್ರದ ಮನ್ನಣೆ ದೊರೆತದ್ದು ಹೀಗೆ. ಎಡಮುಖಕ್ಕೆ ರವೆಯ ಕಣಕ ಹಚ್ಚಿದಾಗ ನಾದ ತಗ್ಗುವುದನ್ನು ಮೃದಂಗ ಕಲಿಯುವ ಪ್ರತಿ ಮಗುವೂ ಕೇಳಿದೆ. ಅದರ ಕೈಗೆ ನಾದದ ಪುಸ್ತಕವೊಂದು ಬಂದರೆ ಮಾತ್ರ ಆ ಕೇಳುವಿಕೆ ಪ್ರಶ್ನೆಯಾಗುತ್ತದೆ.

ಸಾಮಾನಿನ ಕೊರತೆ ನೆಪವಾಗದಂತೆ ಮಾಡಿದವರು ಅರವಿಂದ ಗುಪ್ತ. ಕಾನ್ಪುರದ ಐಐಟಿಯಲ್ಲಿ ಇಂಜಿನಿಯರಿಂಗ್ ಓದಿದ ಅವರು, ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ಹಳ್ಳಿಶಾಲೆಗಳಲ್ಲಿ 1972ರಿಂದ 2002ರವರೆಗೆ ನಡೆದ ವಿಜ್ಞಾನ ಶಿಕ್ಷಣ ಕಾರ್ಯಕ್ರಮದ ಸಂಪರ್ಕಕ್ಕೆ ಬಂದರು. ಬೆಂಕಿಕಡ್ಡಿಗಳನ್ನು ಸೈಕಲ್ ವಾಲ್ವ್ ಟ್ಯೂಬಿನ ತುಣುಕುಗಳಿಂದ ಜೋಡಿಸುವ ಅವರ ಪುಸ್ತಕವನ್ನು ಏಕಲವ್ಯ ಸಂಸ್ಥೆ ಪ್ರಕಟಿಸಿತು. ಮೂರು ಕಡ್ಡಿಗಳ ತ್ರಿಕೋನ ಒತ್ತಿದರೂ ಆಕಾರ ಬಿಡುವುದಿಲ್ಲ. ನಾಲ್ಕು ಕಡ್ಡಿಗಳ ಚೌಕ ವಾಲಿಬಿಡುತ್ತದೆ. ರೈಲ್ವೆ ಸೇತುವೆಯ ಕಬ್ಬಿಣದ ತೊಲೆಗಳಲ್ಲಿ ತ್ರಿಕೋನಗಳೇ ಏಕೆ ಎಂಬುದಕ್ಕೆ ಅಷ್ಟು ಸಾಕು. ಮಕ್ಕಳ ವಿಜ್ಞಾನ ಪುಸ್ತಕಗಳನ್ನು ಹಲವು ಭಾರತೀಯ ಭಾಷೆಗಳಲ್ಲಿ ಅಂತರಜಾಲದಲ್ಲಿ ಉಚಿತವಾಗಿ ಒದಗಿಸಿರುವ ಅವರಿಗೆ 2018ರಲ್ಲಿ ಪದ್ಮಶ್ರೀ ದೊರೆಯಿತು.

ಉಳಿದಿರುವುದು ಪುಸ್ತಕ ಮಗುವಿನ ಕೈಗೆ ತಲುಪುವ ಮಾತು. ಎಷ್ಟೋ ಶಾಲೆಗಳಲ್ಲಿ ಪುಸ್ತಕಗಳು ಬೀರುವಿನಲ್ಲಿ ಬೀಗದ ಹಿಂದೆ ಇರುತ್ತವೆ. ಹರಿದರೆ ಲೆಕ್ಕ ಕೊಡಬೇಕಾದ ಅಧ್ಯಾಪಕರನ್ನು ಇದಕ್ಕಾಗಿ ದೂರುವುದೂ ಪೂರ್ತಿ ನ್ಯಾಯವಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡುವ ‘ಓದುವ ಬೆಳಕು’ ಕಾರ್ಯಕ್ರಮ 2020ರಲ್ಲಿ ಆರಂಭವಾದದ್ದು ಈ ದಿಕ್ಕಿನಲ್ಲಿ ಒಳ್ಳೆಯ ಹೆಜ್ಜೆ. ಆ ಕಪಾಟುಗಳಿಗೆ ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗಳಷ್ಟೇ ಬಾರದೆ, ಎಂಟರಿಂದ ಹನ್ನೆರಡು ವರ್ಷದವರು ಒಂಟಿಯಾಗಿ ಓದಿಕೊಳ್ಳಬಲ್ಲ ವಿಜ್ಞಾನದ ಪುಸ್ತಕಗಳೂ ಬರಬೇಕು. ಪುಸ್ತಕದ ಪಕ್ಕದಲ್ಲಿ ಒಂದು ಡಬ್ಬಿಯನ್ನೂ ಇಡಬಹುದು: ಎರಡು ಮೂರು ಮೇಣದ ಬತ್ತಿ, ಒಂದು ತಟ್ಟೆ, ಗಾಜಿನ ಲೋಟ, ಅಯಸ್ಕಾಂತ, ಭೂತಗನ್ನಡಿ, ದಾರ, ಸುಣ್ಣದ ಪುಟ್ಟ ಪೊಟ್ಟಣ. ಒಂದು ದಪ್ಪ ಪುಸ್ತಕದ ಬೆಲೆಗಿಂತ ಇದರ ಖರ್ಚು ಹೆಚ್ಚಾಗದು.

ಸುಣ್ಣದ ತಿಳಿನೀರನ್ನು ಮಾಡಿಟ್ಟರೆ ಅದರ ಬಾಟಲಿಗೆ ಬಿರಡೆ ಬಿಗಿಯಾಗಿರಬೇಕು. ತೆರೆದಿಟ್ಟರೆ ಯಾರೂ ಊದದೆಯೇ ಮರುದಿನದ ಹೊತ್ತಿಗೆ ಅದರ ಮೇಲೆ ತೆಳ್ಳನೆಯ ಬಿಳಿಯ ಪೊರೆ ಕಟ್ಟಿರುತ್ತದೆ. ಯಾವುದಾದರೂ ಮಗು ಬಿರಡೆ ಹಾಕುವುದನ್ನು ಮರೆತು ಹೋದರೆ ಬೈಯುವ ಅಗತ್ಯವಿಲ್ಲ. ರಾತ್ರಿಯಿಡೀ ಆ ಬಾಟಲಿಯೊಳಕ್ಕೆ ಊದಿದವರು ಯಾರು ಎಂದು ಅದನ್ನೇ ಕೇಳಬಹುದು.